ಆ ನೀಲಿ ಫಿಲ್ಟರ್ ಅಲ್ಲ, ಗಾಳಿ

ಮಳೆಗಾಲ ಮುಗಿದ ಮೇಲೆ ಮುಳ್ಳಯ್ಯನಗಿರಿಯಿಂದ ತೆಗೆದ ಫೋಟೋಗಳಲ್ಲಿ ಬೆಟ್ಟಗಳು ಪದರ ಪದರವಾಗಿ ಕಾಣುತ್ತವೆ. ಮುಂದಿನ ಸಾಲು ಹಸಿರು. ಅದರ ಹಿಂದಿನದಕ್ಕೆ ಸ್ವಲ್ಪ ನೀಲಿ ಬೆರೆತಿರುತ್ತದೆ. ಅದರಾಚೆಯದು ಪೂರ್ತಿ ನೀಲಿ. ಕೊನೆಯ ಸಾಲು ಎಲ್ಲಿ ಮುಗಿಯಿತು, ಆಕಾಶ ಎಲ್ಲಿ ಶುರುವಾಯಿತು ಅಂತ ಹೇಳೋದೇ ಕಷ್ಟ. ಇಂಥ ಫೋಟೋ ಯಾರಿಗೆ ತೋರಿಸಿದರೂ ಮೊದಲು ಕೇಳುವುದು ಒಂದೇ: "ಯಾವ ಫಿಲ್ಟರ್ ಹಾಕಿದ್ರಿ?" ಇನ್ನು ಕೆಲವರು ಎಡಿಟಿಂಗ್ ಆ್ಯಪ್‌ನಲ್ಲಿ ಮಬ್ಬು ತೆಗೆಯುವ ಡಿಹೇಜ್ ಸ್ಲೈಡರ್ ಎಳೆದುಬಿಡಿ, ಬೆಟ್ಟ ಹಸಿರಾಗುತ್ತೆ ಅಂತ ಸಲಹೆ ಕೊಡುತ್ತಾರೆ. ಎರಡೂ ಮಾತು ಕೇಳಿದಾಗ ನನಗೆ ಸುಮ್ನೆ ಇರೋಕೆ ಆಗುವುದಿಲ್ಲ. ಆ ನೀಲಿಯನ್ನು ಯಾರೂ ಹಚ್ಚಿಲ್ಲ. ನಮಗೂ ಬೆಟ್ಟಕ್ಕೂ ನಡುವೆ ಇರುವ ಗಾಳಿಯೇ ಹಾಗೆ ಹೊಳೆಯುತ್ತಿದೆ. ಗಾಳಿಗೆ ಬಣ್ಣವಿಲ್ಲ ಅಂತ ಶಾಲೆಯಲ್ಲಿ ಓದಿದ್ದೇವೆ ಅಲ್ವಾ? ಒಂದು ಕೋಣೆಯ ಗಾಳಿಗೆ ಆ ಮಾತು ಸರಿ. ಐವತ್ತು ಕಿಲೋಮೀಟರ್ ಉದ್ದದ ಗಾಳಿಗೆ ಸರಿಯಲ್ಲ.

ಕಾಡು ದಟ್ಟವಾಗಿದ್ದರೆ ದೂರಕ್ಕೆ ನೀಲಿಯಾಗಿ ಕಾಣುತ್ತದೆ ಅನ್ನುವವರು ಬಹಳ ಜನ. ಅವರು ಅರಸೀಕೆರೆ ಸುತ್ತಿನ ಕಲ್ಲುಗುಡ್ಡಗಳನ್ನು ನೋಡಬೇಕು. ಬರೀ ಬಂಡೆ, ಕುರುಚಲು ಗಿಡ. ದೂರದಿಂದ ನೋಡಿದರೆ ಅವೂ ನೀಲಿಯೇ. ಆಕಾಶದ ನೀಲಿ ಬೆಟ್ಟದ ಮೇಲೆ ಬಿದ್ದು ಹಾಗೆ ಕಾಣುತ್ತದೆ ಅನ್ನುವುದು ಇನ್ನೊಂದು ವಾದ. ಹಾಗಿದ್ದರೆ ಹತ್ತಿರದ ಗುಡ್ಡವೂ ನೀಲಿಯಾಗಬೇಕಿತ್ತು, ಅದರ ಮೇಲೂ ಅದೇ ಆಕಾಶ ಇದೆಯಲ್ಲ. ಮಂಜಿನಿಂದ ಅನ್ನುವವರೂ ಇದ್ದಾರೆ. ಮಂಜು ಬಂದರೆ ನೀಲಿ ಹೋಗಿ ಬಿಳಿ ಬರುತ್ತದೆ. ಅದಕ್ಕೆ ಆಮೇಲೆ ಬರುತ್ತೇನೆ.

ನಿಜವಾದ ಕಾರಣ ನೋಡಬೇಕೆಂದರೆ ಬೆಟ್ಟ ಹತ್ತಬೇಕಿಲ್ಲ. ಆಲೂರು, ಸಕಲೇಶಪುರ ಕಡೆ ಬೆಳಗ್ಗೆ ಬಚ್ಚಲೊಲೆ ಹಚ್ಚಿದ ಹೆಂಚಿನ ಮನೆ ಎದುರು ಐದು ನಿಮಿಷ ನಿಂತರೆ ಸಾಕು. ಒಣ ಸೌದೆ ಉರಿಯುತ್ತಿರಬೇಕು. ಹೆಂಚಿನ ಸಂದಿಯಿಂದ ಹೊಗೆ ಏಳುತ್ತದೆ. ಹಿಂದೆ ತೋಟದ ಮರಗಳು ಕಪ್ಪಗೆ ನಿಂತಿರುವಷ್ಟು ಎತ್ತರದವರೆಗೆ ಹೊಗೆ ಚೆನ್ನಾಗಿ ನೀಲಿಯಾಗಿರುತ್ತದೆ. ಅದೇ ಹೊಗೆ ಮರದ ತುದಿ ದಾಟಿ ಬೆಳ್ಳನೆಯ ಆಕಾಶದ ಮುಂದೆ ಬಂದ ಕೂಡಲೇ ಕಂದು ಬಣ್ಣಕ್ಕೆ ತಿರುಗುತ್ತದೆ. ಹೊಗೆ ಬದಲಾಗಿಲ್ಲ, ಹಿನ್ನೆಲೆ ಮಾತ್ರ ಬದಲಾಗಿದೆ. ಹೊಗೆಯ ಕಣಗಳು ತೀರಾ ಸಣ್ಣವು. ಅವು ಬಿಸಿಲಿನಲ್ಲಿರುವ ನೀಲಿಯನ್ನು ಜಾಸ್ತಿ ಚದುರಿಸುತ್ತವೆ, ಕೆಂಪನ್ನು ಕಡಿಮೆ. ಹಿಂದೆ ಕತ್ತಲೆ ಇದ್ದಾಗ ನಮ್ಮ ಕಣ್ಣಿಗೆ ಬರುವುದು ಆ ಚದುರಿದ ಬೆಳಕು ಮಾತ್ರ, ಅಂದರೆ ನೀಲಿ. ಹಿಂದೆ ಬೆಳಕಿದ್ದಾಗ ಬರುವುದು ನೀಲಿ ಕಳೆದುಕೊಂಡು ಉಳಿದ ಬೆಳಕು, ಅಂದರೆ ಕಂದು.

ಇಟಲಿಯ ಲಿಯೊನಾರ್ಡೊ ಡಾ ವಿಂಚಿ ಐನೂರು ವರ್ಷದ ಹಿಂದೆಯೇ ಒಣ ಸೌದೆಯ ಹೊಗೆಯನ್ನು ಹೀಗೆ ಗಮನಿಸಿ, ಆಕಾಶದ ನೀಲಿಗೂ ಇದಕ್ಕೂ ಸಂಬಂಧ ಇದೆ ಅಂತ ಬರೆದಿಟ್ಟ. ದೂರದ ಬೆಟ್ಟ ಬರೆಯುವಾಗ ದೂರ ಹೆಚ್ಚಿದಷ್ಟೂ ನೀಲಿ ಹೆಚ್ಚಿಸಿ ಅಂತ ಚಿತ್ರಕಾರರಿಗೆ ಹೇಳಿದವನೂ ಅವನೇ. ಹೊಗೆಯಲ್ಲಿ ನೋಡಿದ್ದನ್ನೇ ನೀವು ಬೆಟ್ಟದ ಫೋಟೋದಲ್ಲೂ ಹುಡುಕಬಹುದು. ಕಾಡು ಹೊದ್ದ ಕಪ್ಪು ಬೆಟ್ಟದ ಮುಂದೆ ಗಾಳಿ ನೀಲಿ. ಅದೇ ಫೋಟೋದಲ್ಲಿ ದಿಗಂತದ ಹತ್ತಿರ ಇರುವ ಬಿಳಿ ಮೋಡವನ್ನು ದೊಡ್ಡದು ಮಾಡಿ ನೋಡಿ. ತಲೆಯ ಮೇಲಿನ ಮೋಡದಷ್ಟು ಬೆಳ್ಳಗಿರುವುದಿಲ್ಲ, ಸಣ್ಣದಾಗಿ ಹಳದಿ ತಿರುಗಿರುತ್ತದೆ. ಒಂದೇ ಗಾಳಿ, ಎರಡು ಬಣ್ಣ. ಇದನ್ನು ಒಮ್ಮೆ ನೋಡಿಬಿಟ್ಟರೆ ಮತ್ತೆ ನೋಡದೇ ಇರಲು ಆಗುವುದಿಲ್ಲ.

ಇದಕ್ಕೆ ಲೆಕ್ಕ ಕೊಟ್ಟವರು ಇಂಗ್ಲೆಂಡಿನ ಭೌತವಿಜ್ಞಾನಿ ಲಾರ್ಡ್ ರ‍್ಯಾಲೆ. 1871ರಲ್ಲಿ ಅವರು ತೋರಿಸಿದ್ದು ಇಷ್ಟು: ಕಣ ಬೆಳಕಿನ ಅಲೆಗಿಂತ ತುಂಬಾ ಸಣ್ಣದಿದ್ದರೆ, ಅಲೆಯ ಉದ್ದ ಅರ್ಧವಾದಾಗ ಚದುರುವಿಕೆ ಹದಿನಾರು ಪಟ್ಟು ಏರುತ್ತದೆ. 450 ನ್ಯಾನೊಮೀಟರ್‌ನ ನೀಲಿಯನ್ನು 700 ನ್ಯಾನೊಮೀಟರ್‌ನ ಕೆಂಪಿನ ಜೊತೆ ಇಟ್ಟರೆ ನೀಲಿ ಸುಮಾರು ಆರು ಪಟ್ಟು ಜಾಸ್ತಿ ಚದುರುತ್ತದೆ. ಆದರೆ ಆ ಕಣ ಯಾವುದು ಅನ್ನುವ ಪ್ರಶ್ನೆ ಉಳಿದಿತ್ತು. ಧೂಳು ಅಂತ ತುಂಬಾ ಜನ ಅಂದುಕೊಂಡಿದ್ದರು. 1899ರಲ್ಲಿ ರ‍್ಯಾಲೆ ಮತ್ತೆ ಬಂದರು, ಧೂಳು ಬೇಕಿಲ್ಲ, ಗಾಳಿಯ ಅಣುಗಳೇ ಸಾಕು ಅಂತ ಹೇಳಿದರು. ಅದಕ್ಕೆ ಅವರು ಬಳಸಿಕೊಂಡ ಪುರಾವೆಗಳಲ್ಲಿ ಒಂದು ನಮ್ಮ ದೇಶದ ಕಡೆಯದು: ಡಾರ್ಜಿಲಿಂಗ್ ಹತ್ತಿರದಿಂದ ನೋಡಿದರೆ ನೂರು ಮೈಲಿ ಆಚೆಯ ಎವರೆಸ್ಟ್ ಸಾಕಷ್ಟು ಬೆಳ್ಳಗೆ ಕಾಣುತ್ತದೆ ಅನ್ನುವ ವರದಿ. ಗಾಳಿ ಅಷ್ಟು ದೂರದಲ್ಲಿ ಎಷ್ಟು ಬೆಳಕು ಕದಿಯಬಹುದು ಅಂತ ಅದರಿಂದ ಅಂದಾಜು ಮಾಡಿದರು. ದೂರದ ಬೆಟ್ಟ ನೋಡುವ ಹುಚ್ಚು ಅಣುಗಳ ಲೆಕ್ಕಕ್ಕೂ ಕೆಲಸಕ್ಕೆ ಬಂತು, ನನಗೆ ತುಂಬಾ ಇಷ್ಟವಾದ ಕಥೆ ಇದು.

ಈಗ ನಮ್ಮ ಬೆಟ್ಟಕ್ಕೆ ಬರೋಣ. ಮುಳ್ಳಯ್ಯನಗಿರಿಯಿಂದ ಕುದುರೆಮುಖದ ಶಿಖರ ನೇರ ಗೆರೆಯಲ್ಲಿ ಸುಮಾರು 57 ಕಿಲೋಮೀಟರ್. ನಡುವೆ ಧೂಳು, ತೇವ ಏನೂ ಇಲ್ಲದ ಶುದ್ಧ ಗಾಳಿ ಇದೆ ಅಂತಲೇ ಇಟ್ಟುಕೊಳ್ಳಿ. ಕುದುರೆಮುಖದಿಂದ ಹೊರಟ ಕೆಂಪು ಬೆಳಕಿನಲ್ಲಿ ಮುಕ್ಕಾಲು ಭಾಗ ನಮ್ಮನ್ನು ತಲುಪುತ್ತದೆ. ನೀಲಿಯಲ್ಲಿ ತಲುಪುವುದು ಕಾಲು ಭಾಗಕ್ಕಿಂತ ಸ್ವಲ್ಪ ಜಾಸ್ತಿ ಅಷ್ಟೆ. ಹಾಗಾದರೆ ಬೆಟ್ಟ ಕೆಂಪಾಗಬೇಕಿತ್ತಲ್ಲ ಅಂತ ಕೇಳಬಹುದು. ಒಳ್ಳೆಯ ಪ್ರಶ್ನೆ. ಕಾಡು ತನ್ನ ಮೇಲೆ ಬಿದ್ದ ಬಿಸಿಲಿನಲ್ಲಿ ವಾಪಸ್ ಕಳಿಸುವುದೇ ಬಹಳ ಕಡಿಮೆ. ಆ ಕಡಿಮೆಯಲ್ಲೂ ಒಂದಿಷ್ಟು ದಾರಿಯಲ್ಲಿ ಕಳೆಯುತ್ತದೆ. ಆದರೆ ದಾರಿಯುದ್ದಕ್ಕೂ ಇರುವ ಗಾಳಿಯ ಮೇಲೆ ಬಿಸಿಲು ಬೀಳುತ್ತಲೇ ಇದೆ, ಅದು ತನ್ನ ನೀಲಿಯನ್ನು ಪ್ರತಿ ಕಿಲೋಮೀಟರ್‌ನಲ್ಲೂ ನಮ್ಮ ಕಡೆಗೆ ಸೇರಿಸುತ್ತಾ ಬರುತ್ತದೆ.

ಒಂದು ಲೋಟ ಗಟ್ಟಿ ಡಿಕಾಕ್ಷನ್ ಇದೆ ಅಂದುಕೊಳ್ಳಿ. ಪ್ರತಿ ಕಿಲೋಮೀಟರ್‌ಗೂ ಒಂದು ಚಮಚ ತೆಗೆದು, ಅದರ ಬದಲು ಒಂದು ಚಮಚ ಹಾಲು ಹಾಕುತ್ತಾ ಹೋಗಿ. ಮೊದಲ ಕೆಲವು ಚಮಚಕ್ಕೆ ಬಣ್ಣ ಬೇಗ ಬದಲಾಗುತ್ತದೆ, ಆಮೇಲೆ ನಿಧಾನ. ಕೊನೆಗೆ ಬರೀ ಹಾಲು. ಅರೇಬಿಕಾನೋ ರೊಬಸ್ಟಾನೋ ಅಂತ ಗೊತ್ತೇ ಆಗದ ಹಾಗೆ. ಬೆಟ್ಟದ್ದೂ ಅದೇ ಕಥೆ. ಮೊದಲ ಎರಡು ಮೂರು ಸಾಲುಗಳ ನಡುವೆ ಬಣ್ಣದ ವ್ಯತ್ಯಾಸ ಎದ್ದು ಕಾಣುತ್ತದೆ, ಕೊನೆಯ ಸಾಲುಗಳು ಒಂದರ ಮೇಲೊಂದು ಒತ್ತಿಕೊಂಡು ಆಕಾಶದ ಬಣ್ಣಕ್ಕೇ ಬಂದು ನಿಲ್ಲುತ್ತವೆ. ಬಂಡೆಯ ಬಿಳುಪಿಗೂ ಕಣಿವೆಯ ಕಪ್ಪಿಗೂ ಗಾಳಿ ಒಂದೇ ಅಳತೆಯ ಬೆಳಕು ಸೇರಿಸುವುದರಿಂದ ಅವುಗಳ ನಡುವಿನ ವ್ಯತ್ಯಾಸ ಕರಗುತ್ತದೆ. ದೂರದ ಬೆಟ್ಟ ನುಣ್ಣಗೆ ಕಾಣುವುದು ಇದಕ್ಕೇ. ಬೆಟ್ಟಕ್ಕೂ ಅದರ ಹಿಂದಿನ ಆಕಾಶಕ್ಕೂ ಇರುವ ವ್ಯತ್ಯಾಸ ನೂರಕ್ಕೆ ಎರಡಕ್ಕಿಂತ ಕಡಿಮೆಯಾದರೆ ಕಣ್ಣಿಗೆ ಬೆಟ್ಟವೇ ಇಲ್ಲ ಅಂತ ಇಟ್ಟುಕೊಂಡು 1924ರಲ್ಲಿ ಜರ್ಮನಿಯ ಕೋಶ್‌ಮೀಡರ್ ಒಂದು ಸೂತ್ರ ಕೊಟ್ಟರು. ಅದರ ಪ್ರಕಾರ ಶುದ್ಧ ಗಾಳಿಯಲ್ಲೂ ಸುಮಾರು 300 ಕಿಲೋಮೀಟರ್ ಆಚೆಗೆ ಏನೂ ಕಾಣದು.

ಡಿಹೇಜ್ ಸ್ಲೈಡರ್ ಕೆಲಸ ಮಾಡುವುದೂ ಇದೇ ತತ್ವದ ಮೇಲೆ. ಫೋಟೋದ ಯಾವ ಜಾಗದಲ್ಲಿ ಗಾಳಿ ಎಷ್ಟು ಬೆಳಕು ಸೇರಿಸಿದೆ ಅಂತ ಅಂದಾಜು ಮಾಡಿ ಅಷ್ಟನ್ನು ಕಳೆಯುತ್ತದೆ. 2009ರಲ್ಲಿ ಪ್ರಕಟವಾದ ಒಂದು ಪ್ರಸಿದ್ಧ ವಿಧಾನದಲ್ಲಿ ಹೀಗೆ ಕಳೆಯುವ ದಾರಿಯಲ್ಲೇ ಯಾವ ವಸ್ತು ಎಷ್ಟು ದೂರದಲ್ಲಿದೆ ಅನ್ನುವ ನಕ್ಷೆಯೂ ಸಿಗುತ್ತದೆ. ಅಂದರೆ ನೀಲಿಯೊಳಗೆ ದೂರ ಬರೆದಿಟ್ಟಿದೆ. ಅದನ್ನು ಅಳಿಸಿ ಎಲ್ಲ ಬೆಟ್ಟವನ್ನೂ ಒಂದೇ ಹಸಿರು ಮಾಡಿದರೆ ನಲವತ್ತು ಕಿಲೋಮೀಟರ್ ಆಳದ ಜಾಗ ಗೋಡೆಗೆ ಅಂಟಿಸಿದ ಕ್ಯಾಲೆಂಡರ್ ಆಗುತ್ತದೆ. ದಯವಿಟ್ಟು ಮಾಡಬೇಡಿ.

ಮಂಜರಾಬಾದ್ ಕೋಟೆಯ ಬಗ್ಗೆ ಒಂದು ಮಾತು ಹೇಳಲೇಬೇಕು. 1792ರಲ್ಲಿ ಟಿಪ್ಪು ಕಟ್ಟಿಸಿದ ಎಂಟು ಮೂಲೆಯ ನಕ್ಷತ್ರದಂಥ ಕೋಟೆ, ಸಕಲೇಶಪುರದ ಪಕ್ಕದಲ್ಲೇ ಇದೆ. ಅಲ್ಲಿಂದ ಅರಬ್ಬಿ ಸಮುದ್ರ ಕಾಣುತ್ತದೆ ಅನ್ನುವ ಮಾತನ್ನು ಹೋದವರೆಲ್ಲ ಕೇಳಿರುತ್ತಾರೆ. ಕೋಟೆ ಇರುವ ಎತ್ತರ ಸುಮಾರು 990 ಮೀಟರ್. ಆ ಎತ್ತರದಿಂದ ಭೂಮಿಯ ಬಾಗು ಅಡ್ಡ ಬರುವುದು ಸುಮಾರು 112 ಕಿಲೋಮೀಟರ್ ಆಚೆಗೆ. ಕಡಲ ತೀರ ನೇರ ಗೆರೆಯಲ್ಲಿ ನೂರು ಕಿಲೋಮೀಟರ್ ಆಸುಪಾಸು. ನಡುವೆ ಬೆಟ್ಟ ಅಡ್ಡ ಬಾರದ ಕಡೆ ಲೆಕ್ಕ ಹೇಗೋ ಸರಿಹೋಗುತ್ತದೆ. ತೊಂದರೆ ಇರುವುದು ಗಾಳಿಯಲ್ಲಿ. ಕರಾವಳಿಯ ಮೇಲಿನ ಗಾಳಿಯಲ್ಲಿ ಉಪ್ಪು, ತೇವ, ಹೊಗೆ ಎಲ್ಲ ಇದೆ, ಮೇಲಾಗಿ ಸಮುದ್ರ ಮತ್ತು ದಿಗಂತದ ಬಣ್ಣ ಮೊದಲೇ ಒಂದರಂತೆ ಒಂದು. ಜುಲೈನಲ್ಲಿ ಬಂದು ಮೋಡದೊಳಗೆ ಕಣ್ಣು ಕಿರಿದು ಮಾಡಿಕೊಂಡು ಸಮುದ್ರ ಹುಡುಕುವುದು ವ್ಯರ್ಥ. ಮಳೆ ತೊಳೆದು ಹೋದ ನಂತರದ ಒಣ ದಿನ, ಸಂಜೆ ಸೂರ್ಯ ಪಶ್ಚಿಮಕ್ಕೆ ಇಳಿದು ನೀರಿನ ಮೇಲೆ ಹೊಳಪು ಎದ್ದಾಗ ಒಂದು ಬೆಳ್ಳಿ ಗೆರೆ ಕಂಡರೆ ಕಾಣಬೇಕು. ಆ ಹೊಳಪಿಗೆ ಮಾತ್ರ ಅಷ್ಟು ಗಾಳಿಯನ್ನು ದಾಟಿ ಬರುವ ತಾಕತ್ತು ಇರುತ್ತದೆ.

ಇನ್ನು ಮಂಜು. ದೇವರಮನೆ, ರಾಣಿಝರಿ, ಎತ್ತಿನಭುಜ, ಬಿಸಿಲೆ, ಈ ಕಡೆಗೆಲ್ಲ ಈಗ ವೀಕೆಂಡ್ ಜನ ಹೋಗುವುದೇ ಮಂಜಿಗಾಗಿ. ಮಂಜಿನ ಹನಿ ಬೆಳಕಿನ ಅಲೆಗಿಂತ ಇಪ್ಪತ್ತು ಪಟ್ಟೋ ಅದಕ್ಕಿಂತ ಜಾಸ್ತಿಯೋ ದೊಡ್ಡದು. ಅಷ್ಟು ದೊಡ್ಡ ಕಣ ಬಣ್ಣದಲ್ಲಿ ಭೇದ ಮಾಡುವುದಿಲ್ಲ, ಎಲ್ಲವನ್ನೂ ಸಮವಾಗಿ ಚದುರಿಸುತ್ತದೆ, ಅದಕ್ಕೇ ಬಿಳಿ. ಕ್ಯಾಮೆರಾ ಆ ಬಿಳಿಯನ್ನು ನೋಡಿ ಬೆಳಕು ಜಾಸ್ತಿಯಾಯಿತು ಅಂದುಕೊಂಡು ಬೂದಿ ಬಣ್ಣಕ್ಕೆ ಇಳಿಸುತ್ತದೆ. ಎಕ್ಸ್‌ಪೋಶರ್ ಒಂದು ಸ್ಟಾಪ್, ಅಂದರೆ ಬೆಳಕು ಎರಡು ಪಟ್ಟಾಗುವಷ್ಟು, ಏರಿಸಿ, ಅಷ್ಟೆ. ಫೆಬ್ರವರಿ, ಮಾರ್ಚ್‌ನಲ್ಲಿ ಧೂಳು ಮತ್ತು ಕಾಡು ಸುಟ್ಟ ಹೊಗೆ ಸೇರಿ ಬೆಟ್ಟ ಮಾಸಲಾಗಿ ಕಾಣುವುದೂ ಕಣದ ಗಾತ್ರದ ವಿಷಯವೇ. ಅಚ್ಚ ನೀಲಿ ಬೇಕಾದರೆ ಅಕ್ಟೋಬರ್‌ನಿಂದ ಡಿಸೆಂಬರ್. ಮರಗಳು ಬಿಡುವ ಆವಿಯಿಂದ ಹುಟ್ಟುವ ಸೂಕ್ಷ್ಮ ಕಣಗಳೂ ನೀಲಿಗೆ ಒಂದಿಷ್ಟು ಸೇರಿಸುತ್ತವೆ. ಕಾಡಿನಿಂದ ನೀಲಿ ಅನ್ನುವವರ ಮಾತಿನಲ್ಲಿ ಅಷ್ಟು ಮಟ್ಟಿಗೆ ಸತ್ಯ ಇದೆ.

ನನಗೆ ನಿಜವಾಗಿ ಚಿಂತೆಯಾಗುವುದು ಶೆಟ್ಟಿಹಳ್ಳಿಯ ವಿಷಯದಲ್ಲಿ. ಹೇಮಾವತಿ ಹಿನ್ನೀರಿನಲ್ಲಿ ಅರ್ಧ ಮುಳುಗುವ ಹಳೆಯ ಚರ್ಚ್ ಅದು, 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ್ದು. ಛಾವಣಿ ಇಲ್ಲ, ಕಮಾನುಗಳು ಇನ್ನೂ ನಿಂತಿವೆ. ಇಂಥ ಪಾಳುಬಿದ್ದ ಜಾಗದಲ್ಲಿ ಮುಸ್ಸಂಜೆ ಫ್ಲ್ಯಾಶ್ ಹಾಕಿ ಫೋಟೋ ತೆಗೆದರೆ ಗಾಳಿಯಲ್ಲಿ ತೇಲುವ ಬಿಳಿ ಗುಂಡುಗಳು ಬೀಳುತ್ತವೆ. ಅದನ್ನು ತೋರಿಸಿ ಆತ್ಮ, ದೆವ್ವ ಅಂತ ಹೆದರಿಸುವವರಿಗೆ ಕಡಿಮೆಯಿಲ್ಲ. ಮಕ್ಕಳು ನಂಬುತ್ತಾರೆ. ಅವು ಲೆನ್ಸ್‌ನಿಂದ ಕೆಲವೇ ಇಂಚು ದೂರದಲ್ಲಿರುವ ಮಂಜಿನ ಹನಿ, ಇಲ್ಲವೇ ಧೂಳು. ಫ್ಲ್ಯಾಶ್ ಲೆನ್ಸ್‌ನ ಪಕ್ಕದಲ್ಲೇ ಇರುವುದರಿಂದ ಹನಿಗೆ ತಾಗಿದ ಬೆಳಕು ನೇರ ವಾಪಸ್ ಬರುತ್ತದೆ, ಫೋಕಸ್ ಇಲ್ಲದ ಕಾರಣ ಚುಕ್ಕಿ ಹಿಗ್ಗಿ ಬಟ್ಟಲಾಗುತ್ತದೆ. ಇದನ್ನು ಮನೆಯಲ್ಲೇ ಮಾಡಿ ತೋರಿಸಿ. ಲೈಟ್ ಆರಿಸಿ, ಇಸ್ತ್ರಿಗೆ ಬಳಸುವ ಸ್ಪ್ರೇ ಬಾಟಲಿಯಿಂದ ಮೊಬೈಲ್ ಮುಂದೆ ಸ್ವಲ್ಪ ನೀರು ಸಿಂಪಡಿಸಿ, ಫ್ಲ್ಯಾಶ್ ಹಾಕಿ ಒಂದು ಫೋಟೋ ತೆಗೆಯಿರಿ. ದೆವ್ವಗಳು ರಾಶಿ ರಾಶಿ ಬರುತ್ತವೆ. ಫ್ಲ್ಯಾಶ್ ಆರಿಸಿದರೆ ಒಂದೂ ಇರುವುದಿಲ್ಲ.

ಚದುರಿದ ಬೆಳಕಿಗೆ ಇನ್ನೊಂದು ಗುಣ ಇದೆ. ಸೂರ್ಯನಿಗೆ ಲಂಬಕೋನದಲ್ಲಿರುವ ದಿಕ್ಕಿನಿಂದ ಬರುವ ಗಾಳಿಯ ಬೆಳಕಿನಲ್ಲಿ ಅಲೆಗಳು ಹೆಚ್ಚಾಗಿ ಒಂದೇ ದಿಕ್ಕಿನಲ್ಲಿ ಕಂಪಿಸುತ್ತವೆ. ಒಂದೇ ದಿಕ್ಕಿನ ಕಂಪನವನ್ನು ಮಾತ್ರ ಒಳಗೆ ಬಿಡುವ ಪೋಲರೈಸರ್ ಅನ್ನು ತಿರುಗಿಸಿ ಆ ಬೆಳಕನ್ನು ತಡೆಯಬಹುದು. ಇದನ್ನು ಬಹಳ ಚೆನ್ನಾಗಿ ಬಳಸಿಕೊಂಡವರು ಸರ್ ಸಿ. ವಿ. ರಾಮನ್. 1921ರಲ್ಲಿ ಇಂಗ್ಲೆಂಡಿನಿಂದ ನಾರ್ಕುಂಡಾ ಹಡಗಿನಲ್ಲಿ ಬರುವಾಗ ಮೆಡಿಟರೇನಿಯನ್ ಸಮುದ್ರದ ನೀಲಿ ಅವರನ್ನು ಹಿಡಿದು ನಿಲ್ಲಿಸಿತು. ಸಮುದ್ರದ ನೀಲಿ ಬರೀ ಆಕಾಶದ ಪ್ರತಿಬಿಂಬ ಅಂತ ರ‍್ಯಾಲೆ ಹೇಳಿದ್ದರು. ರಾಮನ್ ತಮ್ಮ ಹತ್ತಿರ ಇದ್ದ ನಿಕೋಲ್ ಪ್ರಿಸಂ (ಅದೂ ಒಂದು ಪೋಲರೈಸರ್) ಮೂಲಕ ಆ ಪ್ರತಿಬಿಂಬವನ್ನು ತಡೆದು ನೋಡಿದರು, ನೀಲಿ ಹೋಗಲಿಲ್ಲ, ಇನ್ನೂ ಗಾಢವಾಯಿತು. ನೀರೊಳಗಿನ ಚದುರುವಿಕೆಯ ಬೆನ್ನು ಹತ್ತಿದ ಆ ದಾರಿ 1928ರ ರಾಮನ್ ಪರಿಣಾಮಕ್ಕೆ ಹೋಗಿ ಮುಟ್ಟಿತು. ಮುಂದೆ ಬೆಂಗಳೂರಿಗೆ ಬಂದ ಮೇಲೆ ಅವರು ನೀಲಕಂಠ ಹಕ್ಕಿಯ ಗರಿಗಳನ್ನೂ ಪರೀಕ್ಷಿಸಿದರು. ಅರಸೀಕೆರೆ, ಕಡೂರು ಕಡೆ ಕರೆಂಟ್ ತಂತಿಯ ಮೇಲೆ ಕೂತಿರುತ್ತದಲ್ಲ, ನಮ್ಮ ರಾಜ್ಯಪಕ್ಷಿ, ಅದೇ. ಆ ಗರಿಯಲ್ಲೂ ನೀಲಿ ಬಣ್ಣದ ವಸ್ತು ಇಲ್ಲ. ಗರಿಯೊಳಗಿನ ಅತಿ ಸೂಕ್ಷ್ಮ ರಚನೆಯಲ್ಲಿ ಬೆಳಕಿನ ಅಲೆಗಳು ಒಂದಕ್ಕೊಂದು ಕೂಡಿ ನೀಲಿಯನ್ನು ಎತ್ತಿ ಕೊಡುತ್ತವೆ.

ನಿಕೋಲ್ ಪ್ರಿಸಂ ಮಾಡಿದ ಕೆಲಸವನ್ನೇ ಈಗ ಲೆನ್ಸ್‌ಗೆ ಹಾಕುವ ಸಿಪಿಎಲ್ ಅನ್ನುವ ಪೋಲರೈಸರ್ ಫಿಲ್ಟರ್ ಮಾಡುತ್ತದೆ. ಅದು ಎಲ್ಲ ದಿಕ್ಕಿಗೂ ಒಂದೇ ಥರ ಕೆಲಸ ಮಾಡುತ್ತದೆ ಅಂದುಕೊಂಡು ಸಂಜೆ ಸೂರ್ಯನ ಕಡೆ ತಿರುಗಿಸಿ, ದುಡ್ಡು ದಂಡ ಅಂತ ಬೈಯುವವರು ಇದ್ದಾರೆ. ಬಲಗೈಯ ತೋರುಬೆರಳನ್ನು ಸೂರ್ಯನ ಕಡೆ ಹಿಡಿದು ಹೆಬ್ಬೆರಳನ್ನು ಅಡ್ಡ ಚಾಚಿ. ಮಣಿಕಟ್ಟು ತಿರುಗಿಸಿದಾಗ ಹೆಬ್ಬೆರಳು ಯಾವ ಯಾವ ಕಡೆ ತೋರಿಸುತ್ತದೋ ಅಲ್ಲಿ ಫಿಲ್ಟರ್‌ನ ಕೆಲಸ ಅತಿ ಹೆಚ್ಚು. ಬಿಸಿಲೆ ವ್ಯೂ ಪಾಯಿಂಟ್‌ನಿಂದ ಕುಮಾರಪರ್ವತ ಇರುವುದು ದಕ್ಷಿಣಕ್ಕೆ. ಅಕ್ಟೋಬರ್ ತಿಂಗಳಲ್ಲಿ ಬೆಳಗ್ಗೆ ಏಳು, ಏಳೂವರೆಗೆ ಸೂರ್ಯ ಹೆಚ್ಚುಕಡಿಮೆ ಪೂರ್ವದಲ್ಲೇ ಇರುತ್ತಾನೆ, ಕೋನ ಲಂಬಕ್ಕೆ ಹತ್ತಿರ ಬರುತ್ತದೆ. ಫಿಲ್ಟರ್ ತಿರುಗಿಸುತ್ತಾ ನೋಡಿ. ಒಂದು ಕಡೆ ಕಣಿವೆಯ ಕಾಡು ಸ್ಪಷ್ಟವಾಗುತ್ತದೆ, ಇನ್ನೊಂದು ಕಡೆ ನೀಲಿ ತುಂಬಿಕೊಳ್ಳುತ್ತದೆ. ಎರಡೂ ತೆಗೆದು ಪಕ್ಕ ಪಕ್ಕ ಇಟ್ಟರೆ, ನಡುವಿನ ಗಾಳಿ ಎಷ್ಟು ಅಂತ ಕಣ್ಣಾರೆ ಕಾಣುತ್ತದೆ.