ಪಹಣಿಯ ನಿಜ, ಜಮೀನಿನ ವಾಸ್ತವ

ಮಂಡ್ಯದಲ್ಲಿ ವಕೀಲಿ ಮಾಡುವ ನನ್ನ ಬಳಿಗೆ ಜಮೀನಿನ ದಾವೆ ಹೊತ್ತು ಬರುವ ರೈತರು ಮೊದಲ ದಿನ ಆಡುವ ಮಾತು ಹೆಚ್ಚುಕಡಿಮೆ ಒಂದೇ: "ಇರೋದ್ನ ಇದ್ದಂಗೆ ಹೇಳ್ತೀನಿ ಸ್ವಾಮಿ, ನಿಜ ನಮ್ಮ ಕಡೆ ಐತೆ." ಅವರು ಹೇಳುವುದು ಬಹಳ ಸಲ ನಿಜವೇ ಆಗಿರುತ್ತದೆ. ಆದರೂ ಅವರಲ್ಲಿ ಕೆಲವರು ಸೋಲುತ್ತಾರೆ. ಸೋತವರು, ನ್ಯಾಯಾಲಯವು ತಮ್ಮನ್ನು ಸುಳ್ಳುಗಾರರೆಂದು ಕರೆಯಿತೆಂದು ನೊಂದುಕೊಂಡು ಊರಿಗೆ ಮರಳುತ್ತಾರೆ. ನ್ಯಾಯಾಲಯ ಹಾಗೆ ಹೇಳಿರುವುದಿಲ್ಲ. ನಿಜ, ಸತ್ಯ, ವಾಸ್ತವ, ಸಂಗತಿ, ಸಾಬೀತು ಎಂಬ ಪದಗಳನ್ನು ಮನೆಯ ಮಾತಿನಲ್ಲಿ ಒಂದರ ಜಾಗದಲ್ಲಿ ಇನ್ನೊಂದನ್ನು ಇಟ್ಟು ಬಳಸಿದರೆ ನಷ್ಟವೇನಿಲ್ಲ. ದಾವೆಯಲ್ಲಿ ಹಾಗೆ ಬಳಸಿದರೆ ಜಮೀನು ಕೈಬಿಡಬಹುದು.

ಕಾನೂನು ಆರಂಭಿಸುವುದು 'ಸಂಗತಿ'ಯಿಂದ. 1872ರ ಸಾಕ್ಷ್ಯ ಅಧಿನಿಯಮದ ಸ್ಥಾನದಲ್ಲಿ 2024ರ ಜುಲೈ 1ರಿಂದ ಜಾರಿಗೆ ಬಂದಿರುವ ಭಾರತೀಯ ಸಾಕ್ಷ್ಯ ಅಧಿನಿಯಮವು ಹಳೆಯ ವ್ಯಾಖ್ಯೆಯನ್ನೇ ಸಾರದಲ್ಲಿ ಉಳಿಸಿಕೊಂಡಿದೆ. ಅದರ 2ನೇ ಕಲಮಿನ ಪ್ರಕಾರ ಇಂದ್ರಿಯಗಳಿಗೆ ಗೋಚರವಾಗಬಲ್ಲ ಯಾವುದೇ ವಸ್ತು ಅಥವಾ ಸ್ಥಿತಿ ಸಂಗತಿ. ಅಷ್ಟೇ ಅಲ್ಲ, ಒಬ್ಬ ವ್ಯಕ್ತಿಯ ಅರಿವಿನಲ್ಲಿರುವ ಮನಸ್ಸಿನ ಸ್ಥಿತಿಯೂ ಸಂಗತಿಯೇ. ಬದುವಿನ ಮೇಲೆ ತೆಂಗಿನ ಮರ ಇರುವುದು ಎಷ್ಟು ಸಂಗತಿಯೋ, ಕ್ರಯಪತ್ರಕ್ಕೆ ಹೆಬ್ಬೆಟ್ಟು ಒತ್ತುವಾಗ ಮಾರುವ ಉದ್ದೇಶ ಇರಲಿಲ್ಲ ಎಂಬುದೂ ಅಷ್ಟೇ ಸಂಗತಿ. ಮೊದಲನೆಯದನ್ನು ತೋರಿಸುವುದು ಸುಲಭ, ಎರಡನೆಯದು ಬಹಳ ಕಷ್ಟ.

'ಸಾಬೀತು' ಎಂಬುದು ಸಂಗತಿಯ ಗುಣವಲ್ಲ, ಸಂಗತಿಗೂ ನ್ಯಾಯಾಧೀಶರ ಮನಸ್ಸಿಗೂ ನಡುವಿನ ಸಂಬಂಧ. ತಮ್ಮ ಮುಂದಿರುವುದನ್ನೆಲ್ಲ ಪರಿಶೀಲಿಸಿದ ಮೇಲೆ ನ್ಯಾಯಾಲಯವು ಒಂದು ಸಂಗತಿ ಇದೆಯೆಂದು ನಂಬಿದರೆ, ಅಥವಾ ವಿವೇಕಿಯಾದವನು ಅದು ಇದೆಯೆಂದು ತಿಳಿದು ನಡೆದುಕೊಳ್ಳುವಷ್ಟು ಸಂಭವನೀಯವೆಂದು ಕಂಡರೆ, ಅದು ಸಾಬೀತಾದಂತೆ. ಇಲ್ಲವೆಂದು ಅದೇ ರೀತಿಯಲ್ಲಿ ಮನವರಿಕೆಯಾದರೆ ಅದು ಅಸತ್ಯವೆಂದು ರುಜುವಾತಾದಂತೆ. ಇವೆರಡರ ನಡುವೆ ಮೂರನೆಯದೊಂದಿದೆ: 'ಸಾಬೀತಾಗಿಲ್ಲ.' ಇದ್ದರೂ ಇರಬಹುದು, ಇಲ್ಲದಿದ್ದರೂ ಇರಬಹುದು, ಹೇಳಲು ಸಾಕಷ್ಟು ಆಧಾರವಿಲ್ಲ ಎಂದಷ್ಟೇ ಅದರ ಅರ್ಥ. ಸೋತ ನನ್ನ ಕಕ್ಷಿದಾರರಲ್ಲಿ ಹೆಚ್ಚಿನವರ ತೀರ್ಪಿನಲ್ಲಿ ಇರುವುದು ಈ ಮೂರನೆಯ ಮಾತು. ಅವರು ಅದನ್ನು ಎರಡನೆಯದೆಂದು ಓದಿಕೊಳ್ಳುತ್ತಾರೆ.

ಗೊಂದಲ ಅತಿ ದಟ್ಟವಾಗುವುದು, ಜಮೀನಿನ ಹಕ್ಕು ಮತ್ತು ಸಾಗುವಳಿಯನ್ನು ನಮೂದಿಸುವ ಕಂದಾಯ ದಾಖಲೆಯಾದ ಪಹಣಿಯ ವಿಷಯದಲ್ಲಿ. ನಮ್ಮ ಕಡೆಯ ರೈತರಿಗೆ ಪಹಣಿಯೇ ವಾಸ್ತವ. ಅದರ 9ನೇ ಕಾಲಂನಲ್ಲಿ ಹೆಸರಿದ್ದರೆ ಜಮೀನು ತನ್ನದು, ಇಲ್ಲದಿದ್ದರೆ ತನ್ನದಲ್ಲ ಎಂಬ ಭಾವನೆ ಆಳವಾಗಿ ಬೇರೂರಿದೆ. 1964ರ ಕರ್ನಾಟಕ ಭೂಕಂದಾಯ ಅಧಿನಿಯಮದ 133ನೇ ಕಲಂ ಹೇಳುವುದು ಇಷ್ಟು: ಹಕ್ಕು ದಾಖಲೆಯ ನಮೂದನ್ನು, ಅದಕ್ಕೆ ವಿರುದ್ಧವಾದುದು ಸಾಬೀತಾಗುವವರೆಗೆ, ಸತ್ಯವೆಂದು ಭಾವಿಸಬೇಕು. ಇಲ್ಲಿ 'ಭಾವಿಸಬೇಕು' ಎಂಬುದೇ ಮುಖ್ಯ. ಖಾತೆ ಬದಲಾವಣೆಯಿಂದ ಮಾಲೀಕತ್ವ ಹುಟ್ಟುವುದೂ ಇಲ್ಲ, ಅಳಿಯುವುದೂ ಇಲ್ಲ ಎಂದು ಸುಪ್ರೀಂ ಕೋರ್ಟ್ ಮತ್ತೆ ಮತ್ತೆ ಹೇಳಿದೆ. ಖಾತೆ ಇರುವುದು ಕಂದಾಯ ಯಾರಿಂದ ವಸೂಲಿ ಮಾಡಬೇಕೆಂಬುದಕ್ಕೆ. ಅಣ್ಣನೊಬ್ಬನ ಹೆಸರಿಗೆ ಖಾತೆಯಾದ ಮಾತ್ರಕ್ಕೆ ಪಿತ್ರಾರ್ಜಿತ ಜಮೀನಿನಲ್ಲಿ ಅಕ್ಕತಂಗಿಯರ ಪಾಲು ಇಲ್ಲವಾಗುವುದಿಲ್ಲ. ಭಾಗದ ದಾವೆಗಳಲ್ಲಿ ನಾನು ಅತಿ ಹೆಚ್ಚು ಸಲ ವಿವರಿಸಬೇಕಾಗಿ ಬರುವುದು ಇದನ್ನೇ, ಮತ್ತು ಹೆಣ್ಣುಮಕ್ಕಳು ಇದನ್ನು ತಿಳಿಯದೆ ಎಷ್ಟೋ ವರ್ಷ ಸುಮ್ಮನಿದ್ದುಬಿಡುತ್ತಾರೆಂಬುದು ನನಗೆ ನಿಜಕ್ಕೂ ಸಂಕಟದ ವಿಷಯ.

ದಾಖಲೆಯಿಂದ ನೆಲಕ್ಕೆ ಇಳಿದರೆ ಇನ್ನೊಂದು ಚಿತ್ರ ಕಾಣುತ್ತದೆ. ವಿಶ್ವೇಶ್ವರಯ್ಯ ನಾಲೆಯ ಅಚ್ಚುಕಟ್ಟಿನ ಒಂದು ಗದ್ದೆಗೆ, ಸ್ಥಳ ನೋಡಿ ವರದಿ ಕೊಡಲು ನ್ಯಾಯಾಲಯ ನೇಮಿಸಿದ ಕೋರ್ಟ್ ಕಮಿಷನರ್ ಜೊತೆಗೆ ಸರ್ವೆಯವರು ಬಂದಾಗ ನಾನೂ ಹಾಜರಿದ್ದೆ. ಪಹಣಿಯಲ್ಲಿ 1 ಎಕರೆ 10 ಗುಂಟೆ. ಟಿಪ್ಪಣಿ, ಅಂದರೆ ಹಳೆಯ ಸರ್ವೆಯ ಅಳತೆ ದಾಖಲೆ, ಹಿಡಿದು ಅಳೆದರೆ ಅನುಭವದಲ್ಲಿದ್ದುದು 1 ಎಕರೆ 4 ಗುಂಟೆ. ಗಡಿ ಗುರುತಿನ ಬಾಂದು ಕಲ್ಲು ಕಬ್ಬಿನ ತರಗಿನಡಿ, ಈಗಿನ ಬದುವಿನಿಂದ ಆಚೆಗೆ, ಪಕ್ಕದವರ ಕಬ್ಬಿನ ಸಾಲಿನ ನಡುವೆ ಸಿಕ್ಕಿತು. ಪ್ರತಿ ಉಳುಮೆಗೂ ಬದು ಒಂದಿಷ್ಟು ಸರಿದಿತ್ತು. ಪಹಣಿ ಸುಳ್ಳಾಗಿರಲಿಲ್ಲ, ಪಕ್ಕದವರು ಆ 6 ಗುಂಟೆಯಲ್ಲಿ ಬೆಳೆ ತೆಗೆಯುತ್ತಿದ್ದುದೂ ಸುಳ್ಳಾಗಿರಲಿಲ್ಲ. ಒಂದು ಹಕ್ಕಿನ ವಿಷಯ, ಇನ್ನೊಂದು ವಸ್ತುಸ್ಥಿತಿ. ನಮ್ಮ ಕಂದಾಯ ಮತ್ತು ಪೊಲೀಸ್ ಕಾಗದಗಳಲ್ಲಿ ಇಂದಿಗೂ ಉಳಿದಿರುವ 'ಹಕೀಕತ್ತು' (ವಸ್ತುಸ್ಥಿತಿ) ಎಂಬ ಪದ ಅರಬ್ಬಿಯಿಂದ ಬಂದದ್ದು, 'ಹಕ್ಕು' ಎಂಬುದೂ ಅದೇ ಧಾತುವಿನದು. ಭಾಷೆಯಲ್ಲಿ ಒಡಹುಟ್ಟಿದ ಇವೆರಡನ್ನು ದಾವೆಯಲ್ಲಿ ಬೇರೆ ಬೇರೆಯಾಗಿಯೇ ಸಾಬೀತುಪಡಿಸಬೇಕಾಗುತ್ತದೆ.

ಕೈಸಾಲಕ್ಕೆ ಭದ್ರತೆಯೆಂದು ಕ್ರಯಪತ್ರವನ್ನೇ ಬರೆದುಕೊಡುವ ರೂಢಿ ಇನ್ನೂ ಕಷ್ಟದ್ದು. "ಅದು ನಾಮಕಾವಾಸ್ತೆ ಕ್ರಯ, ದುಡ್ಡು ಕೊಟ್ಟರೆ ವಾಪಸ್ ಬರ್ಕೊಡ್ತೀನಿ ಅಂದಿದ್ರು" ಎಂದು ಹೇಳುವವರು ನನ್ನ ಮಟ್ಟಿಗೆ ನಂಬಿಕೆಗೆ ಅರ್ಹರೇ. ಆದರೆ ಬರಹದಲ್ಲಿರುವ ಕರಾರನ್ನು ಬಾಯಿಮಾತಿನ ಸಾಕ್ಷ್ಯದಿಂದ ಬದಲಿಸಲು ಕಾನೂನು ಸಾಮಾನ್ಯವಾಗಿ ಬಿಡುವುದಿಲ್ಲ; ಹಿಂತಿರುಗಿಸುವ ಷರತ್ತಿರುವ ಕ್ರಯವನ್ನು ಅಡಮಾನವೆಂದು ಪರಿಗಣಿಸಲು ಆ ಷರತ್ತು ಅದೇ ಪತ್ರದಲ್ಲಿರಬೇಕೆಂದು ಸ್ವತ್ತು ವರ್ಗಾವಣೆ ಅಧಿನಿಯಮದ 1929ರ ತಿದ್ದುಪಡಿಯಿಂದಲೇ ನಿಯಮವಿದೆ. ಪತ್ರವನ್ನು ಜಾರಿಗೆ ತರುವ ಉದ್ದೇಶ ಇಬ್ಬರಿಗೂ ಇರಲಿಲ್ಲವೆಂದು ತೋರಿಸಲು ಅವಕಾಶವಿದೆ, ಆದರೆ ಬಾಗಿಲು ಕಿರಿದು. ಆದ್ದರಿಂದ ಸಾಲಕ್ಕೆ ಅಡಮಾನ ಪತ್ರವನ್ನೇ ನೋಂದಾಯಿಸಿ, ಕ್ರಯಪತ್ರಕ್ಕೆ ರುಜು ಹಾಕಬೇಡಿ ಎಂದು ನಾನು ಒತ್ತಿ ಹೇಳುತ್ತೇನೆ.

ಸಾಕ್ಷಿ ಕಟಕಟೆಯಲ್ಲಿ ಈ ಪದಗಳಿಗೆ ಇನ್ನಷ್ಟು ತೂಕ ಬರುತ್ತದೆ. ಪಾಟೀ ಸವಾಲಿಗೆ, ಅಂದರೆ ಎದುರು ಪಕ್ಷದ ವಕೀಲರ ಪ್ರಶ್ನೆಗೆ, ಕೊಟ್ಟ ಉತ್ತರ "ದಾವಾ ಸ್ವತ್ತಿನಲ್ಲಿ ಪ್ರತಿವಾದಿ ವ್ಯವಸಾಯ ಮಾಡುತ್ತಿದ್ದಾರೆ ಎಂದರೆ ನಿಜ" ಎಂದು ದಾಖಲಾದರೆ, ಆ ಒಂದು 'ನಿಜ' ಇಡೀ ದಾವೆಯನ್ನು ತಿರುಗಿಸಬಲ್ಲದು. ಸಂಕೋಚದಿಂದಲೋ ಅವಸರದಿಂದಲೋ ಹೂಂಗುಟ್ಟುವ ಹಳ್ಳಿಯ ಹಿರಿಯರಿಗೆ, ಗೊತ್ತಿಲ್ಲದಿದ್ದರೆ ಗೊತ್ತಿಲ್ಲವೆಂದೇ ಹೇಳಿರೆಂದು ನಾನು ತಿಳಿಸಿರುತ್ತೇನೆ.

ಕೊನೆಯದಾಗಿ, ಸ್ವಾಧೀನಕ್ಕೆ ಅಡ್ಡಿಪಡಿಸದಂತೆ ಎದುರಾಳಿಯನ್ನು ತಡೆಯಲು ಕೋರುವ ನಿರ್ಬಂಧಕಾಜ್ಞೆಯ ದಾವೆಯಲ್ಲಿ ವಾಸ್ತವಕ್ಕೆ ಒಂದು ತಾರೀಖು ಇರುತ್ತದೆ. ತಾತನ ಕಾಲದಿಂದ ಯಾರು ಉಳುತ್ತಿದ್ದರೆಂಬುದಕ್ಕಿಂತ, ದಾವೆ ಹೂಡಿದ ದಿನ ಸ್ವಾಧೀನ ಯಾರದಾಗಿತ್ತೆಂಬುದನ್ನು ನ್ಯಾಯಾಲಯ ಮೊದಲು ಕೇಳುತ್ತದೆ. ಅದಕ್ಕಾಗಿ ಪಹಣಿಯ 12ನೇ ಕಾಲಂನ ಸಾಗುವಳಿ ನಮೂದು, ಆ ಹಂಗಾಮಿನ ಬೆಳೆ ಸಮೀಕ್ಷೆ, ಕಾರ್ಖಾನೆಗೆ ಕಬ್ಬು ಸಾಗಿಸಿದ ರಸೀದಿ, ನೀರಿನ ಕಂದಾಯದ ರಸೀದಿ, ಸಹಕಾರ ಸಂಘದ ಬೆಳೆಸಾಲದ ಪುಸ್ತಕ ಇವುಗಳನ್ನು ಹುಡುಕಿ ತನ್ನಿ. ಬದುವಿನ ಆಚೆ ಉಳುವವರೊಬ್ಬರು ಸಾಕ್ಷಿ ನುಡಿಯಲು ಒಪ್ಪಿದರೆ ಅವರನ್ನೂ ಕರೆತನ್ನಿ.