ಓಶಾಗೆ ಒಬ್ಬ ಮುಖ್ಯಸ್ಥರು ಸಿಗೋದು ಯಾಕಿಷ್ಟು ತಡ?

ಪೀಣ್ಯದಲ್ಲೋ ಬಿಡದಿಯಲ್ಲೋ ಸೇಫ್ಟಿ ಆಫೀಸರ್ ಕೆಲಸ ಹುಡುಕುವವರ ಬಯೋಡೇಟಾದಲ್ಲಿ ‘ಓಶಾ 30 ಗಂಟೆ’ ಕೋರ್ಸ್ ಈಗ ಮಾಮೂಲು. ಹೆಸರು ಗೊತ್ತು, ಸಂಸ್ಥೆಯ ಕಥೆ ಅಷ್ಟಾಗಿ ಗೊತ್ತಿಲ್ಲ. ಓಶಾ ಅಂದರೆ ಅಮೆರಿಕದಲ್ಲಿ ಕೆಲಸದ ಜಾಗದ ಸುರಕ್ಷತೆ ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆ. 2017ರ ಜನವರಿಯಿಂದ 2021ರ ಅಕ್ಟೋಬರ್‌ವರೆಗೆ, ಅಂದರೆ ಐದು ವರ್ಷಕ್ಕೆ ಮೂರು ತಿಂಗಳು ಕಮ್ಮಿ, ಸೆನೆಟ್ (ಅಲ್ಲಿನ ಸಂಸತ್ತಿನ ಮೇಲ್ಮನೆ) ಒಪ್ಪಿದ ಮುಖ್ಯಸ್ಥರೇ ಅದಕ್ಕೆ ಇರಲಿಲ್ಲ. 2025ರಲ್ಲಿ ಮತ್ತೆ ಎಂಟು ತಿಂಗಳಿಗೂ ಜಾಸ್ತಿ ಅದೇ ಗತಿ. ನಡುವೆ ಕೊರೋನಾ ಬಂತು, ಸುಪ್ರೀಂ ಕೋರ್ಟ್ ಬಂತು, ಸೆನೆಟ್ ತನ್ನ ನಿಯಮವನ್ನೇ ಬದಲಿಸಿಕೊಂಡಿತು. ಪತ್ರಿಕೆ ಓದುವವರಿಗೆ ಎಲ್ಲಿಂದ ಹಿಡಿಯಬೇಕು ಅಂತಲೇ ತಿಳಿಯದಷ್ಟು ಸಿಕ್ಕಾಗಿದೆ.

ಮೊದಲಿಂದ ನೋಡೋಣ. 1970ರ ಹೊತ್ತಿಗೆ ಅಮೆರಿಕದಲ್ಲಿ ವರ್ಷಕ್ಕೆ ಸುಮಾರು 14,000 ಜನ ಕೆಲಸದ ಜಾಗದಲ್ಲೇ ಸಾಯುತ್ತಿದ್ದರು ಎಂಬುದು ಆಗಿನ ಲೆಕ್ಕ. ಆ ವರ್ಷ ಡಿಸೆಂಬರ್ 29ರಂದು ಅಧ್ಯಕ್ಷ ನಿಕ್ಸನ್ ಕಾನೂನಿಗೆ ಸಹಿ ಹಾಕಿದರು. 1971ರ ಏಪ್ರಿಲ್‌ನಲ್ಲಿ ಓಶಾ ಬಾಗಿಲು ತೆರೆಯಿತು. ಇದರ ಮುಖ್ಯಸ್ಥರ ಹುದ್ದೆ ಕಾರ್ಮಿಕ ಇಲಾಖೆಯ ಸಹಾಯಕ ಕಾರ್ಯದರ್ಶಿಯ ದರ್ಜೆಯದು. ಅಧ್ಯಕ್ಷರು ಹೆಸರು ಕಳಿಸಬೇಕು. ಸೆನೆಟ್ ಸಮಿತಿ ಕೂರಿಸಿ ಪ್ರಶ್ನೆ ಕೇಳಬೇಕು. ಆಮೇಲೆ ಇಡೀ ಸೆನೆಟ್ ಮತ ಹಾಕಬೇಕು. ನಮ್ಮ ಕಡೆ ಇಂಥ ಇಲಾಖೆಯ ಮುಖ್ಯಸ್ಥರು ಒಂದು ಸರ್ಕಾರಿ ಆದೇಶದಲ್ಲಿ ಬಂದು ಇನ್ನೊಂದು ಆದೇಶದಲ್ಲಿ ಹೋಗುತ್ತಾರೆ, ಯಾರೂ ಕೇಳುವುದಿಲ್ಲ. ಅಲ್ಲಿ ಕೇಳುತ್ತಾರೆ. ಕೇಳುವುದರಲ್ಲೇ ವರ್ಷಗಳು ಕಳೆದುಹೋಗುತ್ತವೆ.

ಕುರ್ಚಿಗೆ ರಾಜಕೀಯ ಅಂಟಿದ್ದು ಶುರುವಿನಲ್ಲೇ. 1972ರ ಚುನಾವಣೆಗೆ ಮುಂಚೆ ಓಶಾದೊಳಗೆ ಬರೆದ ಒಂದು ಟಿಪ್ಪಣಿ, ಚುನಾವಣೆ ಮುಗಿಯುವ ತನಕ ಉದ್ಯಮದವರಿಗೆ ಕಸಿವಿಸಿಯಾಗುವ ದೊಡ್ಡ ನಿಯಮ ಬೇಡ ಎಂಬ ಅರ್ಥದ್ದು, ನಿಕ್ಸನ್ ರಾಜೀನಾಮೆಗೆ ಕಾರಣವಾದ ವಾಟರ್‌ಗೇಟ್ ಹಗರಣದ ತನಿಖೆಯ ಸಮಯದಲ್ಲಿ ಹೊರಬಿತ್ತು. ಅಲ್ಲಿಂದ ಮುಂದಿನ ನಲವತ್ತು ವರ್ಷದಲ್ಲಿ ಕಾರ್ಮಿಕ ಸಂಘದವರು, ಪ್ರೊಫೆಸರುಗಳು, ಕಟ್ಟಡ ಕಂಪನಿಯವರು, ಮಾಲೀಕರ ಪರ ವಕೀಲರು ಎಲ್ಲರೂ ಆ ಕುರ್ಚಿಯಲ್ಲಿ ಕೂತು ಎದ್ದಿದ್ದಾರೆ. ಒಂದು ಪಕ್ಷ ಬಂದರೆ ಹೆಚ್ಚಾಗಿ ಕಂಪನಿ ಕಡೆಯಿಂದ, ಇನ್ನೊಂದು ಬಂದರೆ ಹೆಚ್ಚಾಗಿ ವಿಶ್ವವಿದ್ಯಾಲಯ ಅಥವಾ ರಾಜ್ಯಗಳ ಸುರಕ್ಷತಾ ಇಲಾಖೆ ಕಡೆಯಿಂದ.

1977ರಲ್ಲಿ ಬಂದ ಯೂಲಾ ಬಿಂಗ್‌ಹ್ಯಾಮ್ ವಿಷವಿಜ್ಞಾನಿ. ಕೆಲಸಕ್ಕೆ ಬಾರದ ಒಂಬೈನೂರಕ್ಕೂ ಹೆಚ್ಚು ಪುಟ್ಟಪುಟ್ಟ ನಿಯಮಗಳನ್ನು ಅವರೇ ಕಿತ್ತುಹಾಕಿದರು. ಹತ್ತಿ ಧೂಳು, ಸೀಸ, ಬೆಂಜೀನ್‌ನಂಥ ದೊಡ್ಡ ಅಪಾಯಗಳಿಗೆ ನಿಯಮ ತಂದರು. ಬೆಂಜೀನ್ ನಿಯಮವನ್ನು 1980ರಲ್ಲಿ ಸುಪ್ರೀಂ ಕೋರ್ಟ್ ಹೊಡೆದುಹಾಕಿತು. ಹತ್ತಿ ಧೂಳಿನದು 1981ರಲ್ಲಿ ಅದೇ ಕೋರ್ಟಿನಲ್ಲಿ ಉಳಿಯಿತು. ಆ ಹೊತ್ತಿಗೆ ಅವರು ಹುದ್ದೆ ಬಿಟ್ಟಾಗಿತ್ತು. ಹೊಸ ಆಡಳಿತ ಬಂದು, ಹತ್ತಿ ಗಿರಣಿಯಲ್ಲಿ ದುಡಿದು ಶ್ವಾಸಕೋಶ ಕೆಟ್ಟ ಕಾರ್ಮಿಕನೊಬ್ಬನ ಫೋಟೋ ಇದ್ದ ಓಶಾದ ಕೈಪಿಡಿಯನ್ನು ವಾಪಸ್ ತರಿಸಿಕೊಂಡಿತ್ತು.

ಇಲ್ಲಿ ಒಂದು ವಿಷಯ ಗಮನಿಸಬೇಕು. ಅಮೆರಿಕದ ಸಂಸತ್ತಿನ ಲೆಕ್ಕಪರಿಶೋಧನಾ ಸಂಸ್ಥೆ 2012ರಲ್ಲಿ ಒಂದು ಲೆಕ್ಕ ಕೊಟ್ಟಿತು. 1981ರಿಂದ 2010ರವರೆಗೆ ಓಶಾ ತಂದ ನಿಯಮಗಳಿಗೆ ಸರಾಸರಿ ಏಳು ವರ್ಷಕ್ಕೂ ಜಾಸ್ತಿ ಹಿಡಿದಿದೆ. ಹೆಚ್ಚೆಂದರೆ 19 ವರ್ಷ. ಮುಖ್ಯಸ್ಥರು ಇರುವುದು ಸಾಮಾನ್ಯವಾಗಿ ಮೂರು ನಾಲ್ಕು ವರ್ಷ. ಅಂದರೆ ಬಿತ್ತಿದವರು ಕೊಯ್ಯುವುದು ತೀರಾ ಅಪರೂಪ. ಕಲ್ಲು, ಕಾಂಕ್ರೀಟ್ ಕೊರೆಯುವಾಗ ಏಳುವ ಸಿಲಿಕಾ ಧೂಳಿನ ನಿಯಮ 1997ರಲ್ಲಿ ಕಾರ್ಯಸೂಚಿಗೆ ಬಂದು, ಮುಗಿದದ್ದು 2016ರಲ್ಲಿ. ಬಗ್ಗಿ ಎದ್ದು ಭಾರ ಹೊರುವ ಕೆಲಸದಿಂದ ಬರುವ ಬೆನ್ನುನೋವು, ಕೈನೋವಿನ ಬಗ್ಗೆ ಹತ್ತು ವರ್ಷ ತೇಯ್ದು 2000ದ ನವೆಂಬರ್‌ನಲ್ಲಿ ನಿಯಮ ತಂದರೆ, 2001ರ ಮಾರ್ಚ್‌ನಲ್ಲಿ ಸಂಸತ್ತು ಅದನ್ನು ರದ್ದು ಮಾಡಿತು. ಸಿಲಿಕಾ ನಿಯಮ ಮುಗಿಯೋಕೆ ಒಂದು ಕಾರಣ, ಡೇವಿಡ್ ಮೈಕಲ್ಸ್ ಎಂಬ ಸಾಂಕ್ರಾಮಿಕ ರೋಗಶಾಸ್ತ್ರಜ್ಞರು 2009ರ ಡಿಸೆಂಬರ್‌ನಿಂದ 2017ರ ಜನವರಿವರೆಗೆ ಏಳು ವರ್ಷ ಅದೇ ಕುರ್ಚಿಯಲ್ಲಿದ್ದದ್ದು. ಓಶಾ ಇತಿಹಾಸದಲ್ಲಿ ಅಷ್ಟು ದಿನ ಇನ್ಯಾರೂ ಕೂತಿಲ್ಲ. ಒಂದು ವರ್ಷ ಕುರ್ಚಿ ಖಾಲಿ ಬಿಟ್ಟರೆ ಹೋಗುವುದು ಒಂದೇ ವರ್ಷ ಅಲ್ಲ ಅನ್ನುವುದು ಇದರಿಂದಲೇ ಗೊತ್ತಾಗುತ್ತದೆ.

ಇನ್ನು ಆ ಖಾಲಿ ವರ್ಷಗಳಿಗೆ ಬರೋಣ.

2017ರ ಶರತ್ಕಾಲದಲ್ಲಿ ಶ್ವೇತಭವನ ಸ್ಕಾಟ್ ಮಗ್ನೋ ಅವರ ಹೆಸರು ಕಳಿಸಿತು. ಅವರು ಪಾರ್ಸೆಲ್ ಸಾಗಿಸುವ ದೊಡ್ಡ ಕಂಪನಿಯೊಂದರಲ್ಲಿ ಸುರಕ್ಷತಾ ವಿಭಾಗ ನೋಡಿಕೊಳ್ಳುತ್ತಿದ್ದವರು. ಡಿಸೆಂಬರ್‌ನಲ್ಲಿ ಸಮಿತಿ ಪ್ರಶ್ನೆ ಕೇಳಿತು, ಒಪ್ಪಿತು. ಇಡೀ ಸೆನೆಟ್‌ನಲ್ಲಿ ಮತಕ್ಕೆ ಬರಲೇ ಇಲ್ಲ. ಅಲ್ಲಿನ ಪದ್ಧತಿಯಲ್ಲಿ ಅಧಿವೇಶನ ಮುಗಿದರೆ ಬಾಕಿ ಹೆಸರುಗಳು ಅಧ್ಯಕ್ಷರಿಗೆ ವಾಪಸ್ ಹೋಗುತ್ತವೆ. ಹಾಗೇ ಹೋಯಿತು, ಮತ್ತೆ ಬಂತು, ಮತ್ತೆ ಸಮಿತಿ ದಾಟಿತು, ಮತ್ತೆ ಸಾಲಿನಲ್ಲಿ ನಿಂತಿತು. 2019ರ ಮೇ ತಿಂಗಳಲ್ಲಿ ಅವರೇ ಹೆಸರು ಹಿಂದಕ್ಕೆ ಪಡೆದರು. ಅವರನ್ನು ಯಾರೂ ಸೋಲಿಸಲಿಲ್ಲ. ಸುಮ್ನೆ ಕಾಯಿಸಿದರು. ಸೆನೆಟ್ ಸಮಯ ನ್ಯಾಯಾಧೀಶರ ನೇಮಕಕ್ಕೆ ಹೋಗುತ್ತಿತ್ತು. ವಿರೋಧ ಪಕ್ಷ ಪ್ರತಿ ಹೆಸರಿಗೂ ಗಂಟೆಗಟ್ಟಲೆ ಚರ್ಚೆಯ ಸಮಯ ಬೇಕು ಅಂತ ಹಿಡಿದಿತ್ತು. ಓಶಾದಂಥ ಹುದ್ದೆ ಯಾರ ಪಟ್ಟಿಯಲ್ಲೂ ಮೊದಲಿಗೆ ಬರುವುದಿಲ್ಲ.

ಹಾಗಾದರೆ ಸಂಸ್ಥೆ ನಡೆಸಿದ್ದು ಯಾರು? 2017ರಲ್ಲಿ ಉಪ ಹುದ್ದೆಗೆ ಬಂದ ಲೊರೆನ್ ಸ್ವೆಟ್. ಉಪ ಹುದ್ದೆಗೆ ಸೆನೆಟ್ ಒಪ್ಪಿಗೆ ಬೇಕಿಲ್ಲ. 1998ರ ಕಾನೂನಿನ ಪ್ರಕಾರ ಖಾಲಿ ಹುದ್ದೆಯಲ್ಲಿ ‘ಹಂಗಾಮಿ’ಯಾಗಿ ಕೂರಲು ಸಾಮಾನ್ಯವಾಗಿ 210 ದಿನದ ಮಿತಿ ಇದೆ, ಹೊಸ ಅಧ್ಯಕ್ಷರು ಬಂದಾಗ 300. ಆಮೇಲೆ ಏನು ಮಾಡುತ್ತಾರೆ ಅಂದರೆ, ಬೋರ್ಡ್ ಬದಲಿಸುತ್ತಾರೆ. ‘ಹಂಗಾಮಿ’ ಹೋಗಿ ‘ಪ್ರಧಾನ ಉಪ’ ಬರುತ್ತದೆ. ಕೆಲಸ ಅದೇ, ಆಫೀಸ್ ಅದೇ. ಇದನ್ನು ಒಂದೇ ಪಕ್ಷ ಮಾಡಿಲ್ಲ, ಒಂದೇ ಇಲಾಖೆಯೂ ಮಾಡಿಲ್ಲ. ಎಲ್ಲರಿಗೂ ಅನುಕೂಲ, ಅಲ್ವಾ? ಸಂಸತ್ತಿನೆದುರು ಉತ್ತರ ಕೊಡೋಕೆ ಪ್ರಮಾಣ ಮಾಡಿ ಬಂದವರು ಮಾತ್ರ ಯಾರೂ ಇರುವುದಿಲ್ಲ.

2020ರಲ್ಲಿ ಕೊರೋನಾ ಬಂದಾಗ ಇದರ ಬಿಸಿ ತಟ್ಟಿತು. ಮಾಂಸ ಕತ್ತರಿಸಿ ಪ್ಯಾಕ್ ಮಾಡುವ ಕಾರ್ಖಾನೆಗಳಲ್ಲಿ ಜನ ಭುಜಕ್ಕೆ ಭುಜ ತಾಗಿಸಿ ನಿಲ್ಲುತ್ತಾರೆ. ಅಲ್ಲಿ ಸೋಂಕು ಬೇಗ ಹಬ್ಬಿತು. ಕಾರ್ಮಿಕ ಸಂಘಗಳ ಒಕ್ಕೂಟ ತುರ್ತು ನಿಯಮ ಬೇಕು ಅಂತ ಕೋರ್ಟಿಗೆ ಹೋಯಿತು. ಈಗಿರುವ ಕಾನೂನೇ ಸಾಕು ಅಂತ ಇಲಾಖೆ ಹೇಳಿತು. ಜೂನ್‌ನಲ್ಲಿ ಕೋರ್ಟ್ ಅರ್ಜಿ ತಳ್ಳಿಹಾಕಿತು. ಸೌತ್ ಡಕೋಟಾದ ಸಿಯೂ ಫಾಲ್ಸ್‌ನ ಹಂದಿಮಾಂಸದ ಕಾರ್ಖಾನೆಯಲ್ಲಿ 1,294 ಕಾರ್ಮಿಕರಿಗೆ ಸೋಂಕು ತಗುಲಿತು, ನಾಲ್ವರು ಸತ್ತರು. ಓಶಾ ಹಾಕಿದ ದಂಡ 13,494 ಡಾಲರ್. ಕಡಿಮೆ ಅನ್ನಿಸಿದರೂ ಅಂಥ ಒಂದು ತಪ್ಪಿಗೆ ಆಗ ಕಾನೂನು ಬಿಡುತ್ತಿದ್ದ ಗರಿಷ್ಠವೇ ಅಷ್ಟು. ಪೂರ್ತಿ ಅಧಿಕಾರದ ಮುಖ್ಯಸ್ಥರು ಇದ್ದಿದ್ದರೂ ಆ ಮೊತ್ತ ಬದಲಾಗುತ್ತಿರಲಿಲ್ಲ. ತುರ್ತು ನಿಯಮ ಬೇಕು ಅಂತ ಒಳಗೇ ಹಟ ಹಿಡಿದು ವಾದ ಮಾಡುವವರೊಬ್ಬರು ಇರುತ್ತಿದ್ದರೇನೋ, ಅಷ್ಟೇ.

ಮುಂದಿನದು ಬೇಗ ಬೇಗ ಆಯಿತು. 2021ರ ಅಕ್ಟೋಬರ್‌ನಲ್ಲಿ ಸೆನೆಟ್ ಡಗ್ ಪಾರ್ಕರ್ ಅವರನ್ನು ಒಪ್ಪಿತು. ಅವರು ಕ್ಯಾಲಿಫೋರ್ನಿಯಾ ರಾಜ್ಯದ ಸುರಕ್ಷತಾ ವಿಭಾಗ ನಡೆಸಿ ಬಂದವರು. ಎರಡು ವಾರ ತುಂಬುವುದರೊಳಗೆ, 100 ಅಥವಾ ಅದಕ್ಕಿಂತ ಹೆಚ್ಚು ಜನರಿರುವ ಕಂಪನಿಗಳಲ್ಲಿ ಲಸಿಕೆ ಇಲ್ಲವೇ ವಾರವಾರ ಪರೀಕ್ಷೆ ಎಂಬ ತುರ್ತು ನಿಯಮ ಹೊರಬಿತ್ತು. ಸುಮಾರು 8.4 ಕೋಟಿ ಜನರಿಗೆ ಅನ್ವಯಿಸುವಂಥದ್ದು. 2022ರ ಜನವರಿ 13ರಂದು ಸುಪ್ರೀಂ ಕೋರ್ಟ್ 6-3ರಲ್ಲಿ ಅದನ್ನು ತಡೆಯಿತು. ಕುರ್ಚಿ ತುಂಬಿದ ಮಾತ್ರಕ್ಕೆ ಎಲ್ಲ ಸರಿಹೋಗುತ್ತದೆ ಅನ್ನುವವರೂ ಅವತ್ತು ಮೌನವಾಗಬೇಕಾಯಿತು.

2025ರ ಫೆಬ್ರವರಿಯಲ್ಲಿ ಡೇವಿಡ್ ಕೀಲಿಂಗ್ ಹೆಸರು ಬಂತು. ಪಾರ್ಸೆಲ್ ಸಾಗಿಸುವ ಯುಪಿಎಸ್ ಕಂಪನಿ, ಅಮೆಜಾನ್‌ನಲ್ಲಿ ಸುರಕ್ಷತಾ ವಿಭಾಗದಲ್ಲಿದ್ದವರು. ಈ ಸಲ ಸೆನೆಟ್ ತನ್ನ ನಿಯಮ ಬದಲಿಸಿ, ಅಕ್ಟೋಬರ್‌ನಲ್ಲಿ ನೂರಕ್ಕೂ ಹೆಚ್ಚು ಹೆಸರುಗಳನ್ನು ಒಂದೇ ಮತದಲ್ಲಿ ಒಪ್ಪಿತು. ಅದರಲ್ಲಿ ಇದೂ ಒಂದು. ಒಬ್ಬೊಬ್ಬರನ್ನೂ ವರ್ಷಗಟ್ಟಲೆ ಕಾಯಿಸುವುದು ತಪ್ಪಿತು, ನಿಜ. ಆದರೆ ಸದನದಲ್ಲಿ ಒಬ್ಬೊಬ್ಬರ ಬಗ್ಗೆಯೂ ಬೇರೆಬೇರೆಯಾಗಿ ಮತ ಹಾಕುವುದೂ ತಪ್ಪಿತು.

ಈಗ ಅವರ ಮೇಜಿನ ಮೇಲಿರುವ ದೊಡ್ಡ ಕಡತ ಬಿಸಿಲಿನದು. ಸೆಕೆಯಲ್ಲಿ ದುಡಿಯುವವರಿಗೆ ನೀರು, ನೆರಳು, ವಿರಾಮ ಕೊಡಬೇಕು ಅಂತ ಸರ್ಕಾರದ್ದೇ ಸಂಶೋಧನಾ ಸಂಸ್ಥೆ ಶಿಫಾರಸು ಮಾಡಿದ್ದು 1972ರಲ್ಲಿ. ಓಶಾ ಕರಡು ಪ್ರಕಟಿಸಿದ್ದು 2024ರಲ್ಲಿ. ವಿಚಾರಣೆ ನಡೆದದ್ದು 2025ರ ಬೇಸಿಗೆಯಲ್ಲಿ, ಕುರ್ಚಿ ಇನ್ನೂ ಖಾಲಿ ಇದ್ದಾಗ. ಅಲ್ಲಿರುವ ಕನ್ನಡಿಗರಿಗೆ ಇದರ ಅರ್ಥ ಊರಿಂದ ಊರಿಗೆ ಬೇರೆ. ಕ್ಯಾಲಿಫೋರ್ನಿಯಾದಲ್ಲಿ ರಾಜ್ಯದ್ದೇ ಬಿಸಿಲಿನ ನಿಯಮ 2005ರಿಂದ ಇದೆ, 2024ರಿಂದ ಒಳಾಂಗಣ ಕೆಲಸಕ್ಕೂ ಬಂದಿದೆ. ಡಲ್ಲಾಸ್, ಹ್ಯೂಸ್ಟನ್ ಇರುವ ಟೆಕ್ಸಸ್‌ನಲ್ಲಿ ರಾಜ್ಯದ ನಿಯಮ ಇಲ್ಲ. ನಗರಸಭೆಗಳು ತಾವೇ ನೀರಿನ ವಿರಾಮ ಕಡ್ಡಾಯ ಮಾಡದಂತೆ ತಡೆಯುವ ಕಾನೂನನ್ನೂ ಅಲ್ಲಿ 2023ರಲ್ಲಿ ತಂದರು. ಹಾಗಾಗಿ ಅಲ್ಲಿ ತಾರಸಿ ಮೇಲೆ ಹೆಂಚು ಹೊಡೆಯುವವರಿಗಾಗಲಿ, ಗೋದಾಮಿನಲ್ಲಿ ಲಾರಿ ತುಂಬಿಸುವವರಿಗಾಗಲಿ ಬಿಸಿಲಿನ ನಿಯಮ ಬಂದರೆ ಓಶಾದಿಂದಲೇ ಬರಬೇಕು.