ಮೆಡಿಕಲ್ ಸೀಟಿನ ಸಂದರ್ಶನ: ಬಾಯಿಪಾಠ ಕೈಕೊಡುವ ಜಾಗ

ನೀಟ್ ಫಲಿತಾಂಶ ಬಂದರೆ ಸಾಕು, ಕಲಬುರಗಿಯ ನನ್ನ ಕ್ಲಿನಿಕ್ಕಿಗೆ ಜ್ವರ, ಕೆಮ್ಮಿನವರ ಜೊತೆ ಸೀಟಿನ ಚಿಂತೆಯವರೂ ಬರುತ್ತಾರೆ. "ಡಾಕ್ಟರ್ ಸಾಹೇಬ್ರ, ಮೆಡಿಕಲ್ ಸೀಟಿಗೆ ಇಂಟರ್‌ವ್ಯೂ ಇರ್ತದೇನ್ರಿ?"

ಬಹುಪಾಲು ಸೀಟುಗಳಿಗೆ ಇಲ್ಲ. ನಮ್ಮ ಜಿಮ್ಸ್ ಇರಲಿ, ಬೀದರಿನ ಬ್ರಿಮ್ಸ್ ಇರಲಿ, ಯಾದಗಿರಿಯ ಸರ್ಕಾರಿ ಕಾಲೇಜಿರಲಿ, ನಡೆಯುವುದು ನೀಟ್ ರ‍್ಯಾಂಕಿನ ಮಾತು. ಖಾಸಗಿ ಕಾಲೇಜಿಗೂ ಅಷ್ಟೇ. ರಾಜ್ಯದ ಕೌನ್ಸೆಲಿಂಗ್‌ನಲ್ಲಿ ಕೇಳುವುದು ದಾಖಲೆ. ಅದರಲ್ಲಿ ಸಂವಿಧಾನದ 371(ಜೆ) ವಿಧಿಯ ಮೀಸಲಾತಿಯ ಪ್ರಮಾಣಪತ್ರ ಮುಖ್ಯ. ಕಲ್ಯಾಣ ಕರ್ನಾಟಕದ ಕಾಲೇಜುಗಳಲ್ಲಿ ಶೇ 70, ರಾಜ್ಯದ ಉಳಿದ ಕಡೆ ಶೇ 8 ಸೀಟು ನಮ್ಮ ಭಾಗದ ಮಕ್ಕಳಿಗೆ ಮೀಸಲು. ಆ ಪ್ರಮಾಣಪತ್ರಕ್ಕೆ ಉಪವಿಭಾಗಾಧಿಕಾರಿ ಕಚೇರಿಗೆ ಕೊನೇ ಗಳಿಗೆಯಲ್ಲಿ ಓಡಬೇಡಿ. ಇನ್ನು "ದುಡ್ಡು ಕೊಡಿ, ಇಂಟರ್‌ವ್ಯೂನಲ್ಲಿ ಪಾಸ್ ಮಾಡಿಸ್ತೀನಿ" ಅನ್ನುವ ಏಜೆಂಟ್ ಸಿಕ್ಕರೆ ಅಲ್ಲಿಂದ ಎದ್ದು ಬನ್ನಿ.

ನಿಜವಾದ ಸಂದರ್ಶನ ಇರುವುದು ಪುಣೆಯ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜಿನಲ್ಲಿ. 1948ರಲ್ಲಿ ಶುರುವಾದ ಕಾಲೇಜು. ನೀಟ್ ಅಂಕದ ಮೇಲೆ ಕರೆ ಬರುತ್ತದೆ. ಅಲ್ಲಿ ಇಂಗ್ಲಿಷ್ ಗ್ರಹಿಕೆ, ತರ್ಕದ ಕಂಪ್ಯೂಟರ್ ಪರೀಕ್ಷೆ, ಆಮೇಲೆ 50 ಅಂಕದ ಸಂದರ್ಶನ, ವೈದ್ಯಕೀಯ ತಪಾಸಣೆ. ಎಂಬಿಬಿಎಸ್ ಮುಗಿದ ಮೇಲೆ ಸೇನೆಯ ವೈದ್ಯಕೀಯ ಸೇವೆಗೆ ಸೇರಲೇಬೇಕು, ಅದಕ್ಕೆ ಬಾಂಡ್ ಇದೆ. ಅಪ್ಪ ಅಮ್ಮ ಇದನ್ನು ಫೀಸು ಕಡಿಮೆ ಇರುವ ಇನ್ನೊಂದು ಕಾಲೇಜು ಅಂದುಕೊಂಡು ಮಗುವನ್ನು ಕಳಿಸಿದರೆ, ಆ ವಿಷಯ ಸಂದರ್ಶನ ಮಂಡಳಿಯ ಮುಂದೆ ಎರಡೇ ಪ್ರಶ್ನೆಗೆ ಹೊರಬೀಳುತ್ತದೆ.

ಕರೆ ಬಂದ ಮಕ್ಕಳಿಗೆ ಭಾನುವಾರ ಮನೆಯಲ್ಲೇ ಅಣಕು ಸಂದರ್ಶನ ಮಾಡುತ್ತೇನೆ. ಪಕ್ಕದ ಮನೆಯ ಮಾಜಿ ಸೈನಿಕರೊಬ್ಬರು ಬಂದು ಕೂರುತ್ತಾರೆ. ಅವರ ಮೀಸೆ ನೋಡಿಯೇ ಅರ್ಧ ಮಕ್ಕಳಿಗೆ ಬೆವರು ಬರುತ್ತದೆ, ಅಭ್ಯಾಸಕ್ಕೆ ಒಳ್ಳೆಯದೇ.

ಆಳಂದ ಕಡೆಯ ಒಬ್ಬ ಹುಡುಗಿ ಬಂದಿದ್ದಳು. ಡಾಕ್ಟರ್ ಯಾಕಾಗಬೇಕು ಅಂದದ್ದಕ್ಕೆ ಬಡವರ ಸೇವೆ, ದೇಶದ ಸೇವೆ ಅಂತ ಇಂಗ್ಲಿಷಿನಲ್ಲಿ ಪಟಪಟ ಒಪ್ಪಿಸಿದಳು. ಎಲ್ಲ ಮಕ್ಕಳೂ ಅದೇ ಹೇಳುತ್ತಾರೆ. "ಅದಿರ್ಲಿ ಬಿಡವ್ವ. ನಿಮ್ಮೂರಾಗ ಆಸ್ಪತ್ರಿಗೆ ಹೊತ್ಕೊಂಡು ಹೋಗಿದ್ದು ಯಾರನ್ನಾದರೂ ನೋಡೀಯೇನು?" ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಬಂತು ನೋಡಿ. ತೊಗರಿ ಕೊಯ್ಯುವಾಗ ಪಕ್ಕದ ಮನೆಯ ಅತ್ತೆಯ ಕಾಲಿಗೆ ಹಾವು ಕಚ್ಚಿದ್ದು, ಸೆರಗು ಹರಿದು ಬಿಗಿಯಾಗಿ ಕಟ್ಟಿದ್ದು, ಮೊದಲು ಮಂತ್ರ ಹಾಕುವ ಅಜ್ಜನ ಹತ್ತಿರ ಹೋಗಿದ್ದು, ಟಂಟಂ ಗಾಡಿ ಸಿಗುವಷ್ಟರಲ್ಲಿ ಬಿಸಿಲು ಏರಿದ್ದು.

ಸೈನಿಕರು ಕೇಳಿದರು: "ಆ ಊರಿಗೆ ನೀನೇ ಡಾಕ್ಟರ್. ಗಾಡಿ ರೆಡಿ ಇದೆ. ಹಿರಿಯರು ಮಂತ್ರ ಹಾಕಿಸದೆ ಬಿಡೋಲ್ಲ ಅಂತಾರೆ. ಏನ್ ಮಾಡ್ತಿ?"

"ಅಜ್ಜನ್ನೂ ಗಾಡ್ಯಾಗ ಕೂಡಿಸ್ಕೊತೀನ್ರಿ. ದಾರ್ಯಾಗ ಮಂತ್ರ ಹಾಕ್ಲಿ."

ನನಗೆ ಚಪ್ಪಾಳೆ ಹೊಡೆಯಬೇಕು ಅನ್ನಿಸಿತು. ಅಜ್ಜನಿಗೆ ಅವಮಾನ ಇಲ್ಲ, ಒಂದು ನಿಮಿಷವೂ ಹಾಳಿಲ್ಲ. ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದಲ್ಲಿ ಶುರುವಾಗಿ ಈಗ ಹಲವು ದೇಶಗಳಲ್ಲಿರುವ ಒಂದು ಸಂದರ್ಶನ ಪದ್ಧತಿಯಲ್ಲಿ ಅಭ್ಯರ್ಥಿ ಕೋಣೆಯಿಂದ ಕೋಣೆಗೆ ಹೋಗಬೇಕು. ಒಂದೊಂದರಲ್ಲೂ ಇಂಥದ್ದೇ ಒಂದು ಸಂದರ್ಭ, ಕೆಲವೇ ನಿಮಿಷ. ನೋಡುವುದು ಇದನ್ನೇ: ಎದುರಿಗಿರುವವರ ಮಾತು ಕೇಳಿಸಿಕೊಂಡು ಅಲ್ಲೇ ಯೋಚಿಸುತ್ತಾರಾ ಅಂತ. ಬಾಯಿಪಾಠದವರಿಗೆ ಕೇಳಿಸಿಕೊಳ್ಳಲು ಪುರುಸೊತ್ತೇ ಇರುವುದಿಲ್ಲ.

"ಬಿಗಿಯಾಗಿ ಕಟ್ಟಬಾರದು ಅಂತಾರಲ್ಲ, ಯಾಕೆ?" ಅಂತ ಕೇಳಿದೆ. "ಗೊತ್ತಿಲ್ರಿ ಸರ್. ರಕ್ತ ಹೋಗದಿದ್ರ ಕಾಲಿಗೇ ಕುತ್ತು ಬರ್ತದೇನೋ" ಅಂದಳು. ಉತ್ತರ ಸರಿಯೇ ಇತ್ತು. ಕಾಲು ಅಲುಗಾಡದಂತೆ ಇಟ್ಟು, ವಿಷನಿರೋಧಕ ಇಂಜೆಕ್ಷನ್ ಇರುವ ಆಸ್ಪತ್ರೆಗೆ ಬೇಗ ಮುಟ್ಟಿಸುವುದೇ ಚಿಕಿತ್ಸೆ. ಆದರೆ ನಾನು ಅಂಕ ಕೊಡುವುದು ಆ ಮೊದಲ "ಗೊತ್ತಿಲ್ರಿ"ಗೆ. ಗೊತ್ತಿಲ್ಲದ್ದನ್ನು ಗೊತ್ತಿದೆ ಅನ್ನುವ ಡಾಕ್ಟರ್ ಅಪಾಯ, ಅಲ್ವಾ?

ಕನ್ನಡ ಮಾಧ್ಯಮದ ಮಕ್ಕಳಿಗೆ ಇಂಗ್ಲಿಷಿನದೇ ಜಾಸ್ತಿ ಹೆದರಿಕೆ. ಸಣ್ಣ ಸಣ್ಣ ವಾಕ್ಯ ಸಾಕು. ಪ್ರಶ್ನೆ ಅರ್ಥವಾಗದಿದ್ದರೆ ಇನ್ನೊಮ್ಮೆ ಹೇಳಿ ಸರ್ ಅಂತ ಕೇಳಿದರೆ ಯಾರೂ ತಲೆ ತೆಗೆಯುವುದಿಲ್ಲ. ಸಿಯಾಚಿನ್‌ಗೆ ಹಾಕಿದರೆ ಹೋಗ್ತೀಯಾ ಅಂದರೆ ವೀರಾವೇಶ ಬೇಡ. ನಲವತ್ತೆರಡು ಡಿಗ್ರಿ ಬಿಸಿಲಿನಲ್ಲಿ ಬೆಳೆದ ನಮ್ಮ ಮಕ್ಕಳು "ಹಿಮ ನೋಡಿಲ್ಲ, ಹೋಗಿ ಕಲೀತೀನಿ" ಅಂದರೂ ನಡೆಯುತ್ತದೆ.

ಇನ್ನೊಂದು ಮಾತು. ಮಾತಿನಲ್ಲಿ ಗೆದ್ದು ತಪಾಸಣೆಯಲ್ಲಿ ಬಿದ್ದರೆ ಸಂಕಟ. ಪುಣೆಗೆ ಉದ್ಯಾನ್ ಎಕ್ಸ್‌ಪ್ರೆಸ್ ಟಿಕೆಟ್ ಮಾಡಿಸುವ ಮೊದಲು ಇಲ್ಲೇ ಕಣ್ಣಿನ ಡಾಕ್ಟರ ಹತ್ತಿರ ದೃಷ್ಟಿಯ ಜೊತೆ ಬಣ್ಣ ಗುರುತಿಸುವ ಪರೀಕ್ಷೆಯನ್ನೂ ಮಾಡಿಸಿಬಿಡಿ. ಬಣ್ಣಗುರುಡು ಇದ್ದರೂ ಎಷ್ಟೋ ಹುಡುಗರಿಗೆ ಅದು ಅಲ್ಲಿಯವರೆಗೆ ಗೊತ್ತೇ ಇರುವುದಿಲ್ಲ.